ವಿದ್ಯೆಯ ಹಂಗು

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗೆ ಎರಡು ಆಧಾರಗಳಿದ್ದುವು: ಒಂದು ವಾರಾನ್ನ, ಮತ್ತೊಂದು ಮನೆಪಾಠ. ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಮನೆಯಂತೆ ಉಂಡು, ಯಾವುದಾದರೊಂದು ಛತ್ರದ ಜಗಲಿಯಲ್ಲಿ ಮಲಗಿ, ಎರವಲು ಪುಸ್ತಕಗಳನ್ನು ಓದಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು ಮೈಸೂರು ಸಂಸ್ಥಾನದಲ್ಲಿ ಅನೇಕರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಂಡರೆಂಬುದೂ, 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಸಂಸ್ಥಾನದ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿದರೆಂಬುದೂ ವಾಚಕರಿಗೆ ತಿಳಿದ ಸಂಗತಿ. ಅಂಥವರ ತಲೆಯ ಮೇಲೆ ಉಪಕಾರದ ಭಾರವಿದ್ದಿತೇ ಹೊರತು ಬಡ್ಡಿಯ ಭಾರವಿರಲಿಲ್ಲ.

ಈಗ ವಾರಾನ್ನದ ಕಾಲ ಹೋಗಿ ಬ್ಯಾಂಕಿನ ಶಿಕ್ಷಣ ಸಾಲದ ಕಾಲ ಬಂದಿದೆ. ಈ ಎರಡನ್ನೂ ಒಂದೇ ಸೂರಿನ ಕೆಳಗೆ ಕಂಡ ಮನೆಯೊಂದು ಸಾಗರದ ಕಡೆಯಲ್ಲಿದೆ. ಆ ಮನೆಯಲ್ಲಿ 2024ನೆಯ ಇಸವಿಯಲ್ಲಿ ನಡೆದ ಒಂದು ವಿಚಾರವು, ಮಕ್ಕಳನ್ನು ಕಾಲೇಜಿಗೆ ಕಳುಹಿಸಲಿರುವ ಎಲ್ಲ ಗೃಹಸ್ಥರೂ ಕೇಳತಕ್ಕದ್ದಾಗಿದೆ.

ಮನೆಯ ಹಿರಿಯರು ಎಂಬತ್ತು ದಾಟಿದವರು. ಅಂಚೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. 1957ರ ಸುಮಾರಿನಲ್ಲಿ ಶಿವಮೊಗ್ಗೆಯಲ್ಲಿ ವಾರಾನ್ನದಿಂದ ಓದಿದ್ದರು. ಗುರುವಾರದ ಮನೆಯಲ್ಲಿ ಎರಡನೆಯ ಸಲ ಮಜ್ಜಿಗೆ ಕೇಳುವ ಧೈರ್ಯವಾಗುತ್ತಿರಲಿಲ್ಲವೆಂದೂ, ಶನಿವಾರದ ಮನೆಯವರಿಗೆ ಸೂತಕ ಬಂದ ಹತ್ತು ದಿನಗಳಲ್ಲಿ ಬಂದ ಶನಿವಾರವನ್ನು ನೀರು ಕುಡಿದೇ ಕಳೆದರೆಂದೂ ಇಂದಿಗೂ ಹೇಳುವರು. ಅವರ ಮಗ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು. ಒಂದೂವರೆ ಎಕರೆ ಅಡಕೆ ತೋಟವಿದೆ. ಮೊಮ್ಮಗಳು ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತು ತರಗತಿ ಓದಿ, ಪಿ.ಯು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಕಂಪ್ಯೂಟರ್ ವಿಜ್ಞಾನವನ್ನು ಕಲಿಯಬೇಕೆಂದು ಮನಸ್ಸು ಮಾಡಿದ್ದಳು.

ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಆಡಳಿತ ಮಂಡಲಿಯ ಕೋಟಾದಲ್ಲಿ ಸ್ಥಳವಿತ್ತು. ಸಿ.ಇ.ಟಿ. ಪರೀಕ್ಷೆಯ ಕ್ರಮಾಂಕದಿಂದ ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಸ್ಥಳ ದೊರೆಯುವಂತಿತ್ತು. ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸ್ಥಳಗಳು ಮೀಸಲಾಗಿರುವುದರಿಂದ ಹಳ್ಳಿಯ ಶಾಲೆಯೇ ಆಕೆಗೆ ನೆರವಾಯಿತು. ಆದರೆ ಅಜ್ಜಯ್ಯನವರು ಬೆಂಗಳೂರನ್ನೇ ಹಿಡಿದರು. “ನಾನು ಪಟ್ಟ ಹಂಗು ನನ್ನ ಮೊಮ್ಮಗಳಿಗೆ ಬೇಡ. ತೋಟವನ್ನು ಅಡವಿಟ್ಟಾದರೂ ದೊಡ್ಡ ಕಾಲೇಜಿಗೇ ಸೇರಿಸು” ಎಂದು ಮಗನಿಗೆ ಕಟ್ಟಪ್ಪಣೆ ಮಾಡಿದರು. ಮಗ ತಂದೆಗೆ ಎದುರಾಡಿ ಬಲ್ಲವರಲ್ಲ, ಒಳಗೊಳಗೇ ಕುದಿದರು. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಮೂರನೆಯ ದಿನ ಸಂಜೆ ಹುಡುಗಿಯು ತಂದೆಯನ್ನು ಕೂರಿಸಿಕೊಂಡು ಹಾಳೆಯ ಮೇಲೆ ಎರಡು ಲೆಕ್ಕಗಳನ್ನು ಬರೆದಳು. ಬೆಂಗಳೂರಿನಲ್ಲಿ ವರ್ಷಕ್ಕೆ ಮೂರೂಕಾಲು ಲಕ್ಷ ಶುಲ್ಕ, ಊಟ ವಸತಿಗಳಿಗೆ ಒಂದೂಕಾಲು ಲಕ್ಷ. ನಾಲ್ಕು ವರ್ಷಕ್ಕೆ 18 ಲಕ್ಷ ರೂಪಾಯಿ. ಹಾವೇರಿಯಲ್ಲಿ ಶುಲ್ಕಕ್ಕೆ 50,000, ಊಟ ವಸತಿಗಳಿಗೆ 60,000 ಎಂದು ಧಾರಾಳವಾಗಿ ಹಿಡಿದು, ಪುಸ್ತಕ, ಪ್ರಯಾಣ, ಕಂಪ್ಯೂಟರುಗಳನ್ನೂ ಸೇರಿಸಿದರೆ ನಾಲ್ಕು ವರ್ಷಕ್ಕೆ 5 ಲಕ್ಷ. ಮನೆಯಿಂದ ಕೊಡಲು ಸಾಧ್ಯವಾದುದು ಒಟ್ಟು 2 ಲಕ್ಷ. ಆದುದರಿಂದ ಮೊದಲನೆಯದಕ್ಕೆ 16 ಲಕ್ಷ ಸಾಲ, ಎರಡನೆಯದಕ್ಕೆ 3 ಲಕ್ಷ ಸಾಲ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುವುದಿಲ್ಲ. 16 ಲಕ್ಷಕ್ಕಾದರೆ ತೋಟದ ಪತ್ರವನ್ನು ಒಪ್ಪಿಸಬೇಕು.

ಸಾಲದ ನಿಜವಾದ ಮುಖ ಕಾಣುವುದು ಮುಂದೆ. ಓದುವ ನಾಲ್ಕು ವರ್ಷ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಸುಮ್ಮನಿರುವುದಿಲ್ಲ. ಸಾಲವನ್ನು ವರ್ಷಕ್ಕೆ ಕಾಲುಭಾಗದಂತೆ ಪಡೆದು, ಶೇಕಡಾ 10ರಂತೆ ಸರಳ ಬಡ್ಡಿಯನ್ನು ಹಾಕಿದರೆ, ಐದು ವರ್ಷದ ಕೊನೆಗೆ 16 ಲಕ್ಷವು 21,60,000 ಆಗುವುದು. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 28,500 ರೂಪಾಯಿ. ಇತ್ತ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳು ಹೊಸಬರಿಗೆ ಕೊಡುವ ಸಂಬಳವು ಬಹು ವರ್ಷಗಳಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ನಿಂತಿದೆ. ಕೈಗೆ ಬರುವುದು ತಿಂಗಳಿಗೆ ಸುಮಾರು 25,000. ಸಂಬಳಕ್ಕಿಂತ ಕಂತೇ ದೊಡ್ಡದು! ಹಾವೇರಿಯ 3 ಲಕ್ಷವಾದರೋ ಅದೇ ಕ್ರಮದಲ್ಲಿ 4,05,000 ಆಗಿ, ಕಂತು ಸುಮಾರು 5,350ಕ್ಕೆ ನಿಲ್ಲುವುದು.

ಹುಡುಗಿ ಹಾಳೆಯನ್ನು ಹಿಡಿದು ಜಗಲಿಗೆ ಹೋದಳು. “ಅಜ್ಜಯ್ಯ, ನೀವು ಓದುವಾಗ ಏಳು ಮನೆಗಳಿಗೆ ಹೋದಿರಿ. ಓದು ಮುಗಿದ ದಿನ ಹಂಗು ಮುಗಿಯಿತು. ನಾನು ಓದು ಮುಗಿದ ಮೇಲೆ ಹತ್ತು ವರ್ಷ ತಿಂಗಳು ತಿಂಗಳೂ ಒಂದೇ ಬಾಗಿಲಿಗೆ ಹೋಗಿ ನಿಲ್ಲಬೇಕಲ್ಲ, ಇದು ಹಂಗಲ್ಲವೇ?” ಎಂದಳು.

ಹಿರಿಯರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಬಳಿಕ ಒಂದೇ ಮಾತು: “ತೋಟದ ಪತ್ರ ಪೆಟ್ಟಿಗೆಯಲ್ಲಿಯೇ ಇರಲಿ.”

ಈ ಪ್ರಸಂಗದಿಂದ ತಿಳಿಯಬೇಕಾದುದೇನು? ಅಗ್ಗವಾದ ವಿದ್ಯೆಯೇ ಒಳ್ಳೆಯದೆಂದಲ್ಲ. ಬೆಂಗಳೂರಿನ ಕಾಲೇಜಿಗೆ ಹೆಚ್ಚು ಸಂಸ್ಥೆಗಳು ಕೆಲಸಗಾರರನ್ನು ಹುಡುಕಿಕೊಂಡು ಬರುವುದು ನಿಜ. ಆ ಹುಡುಗಿ ಕಳೆದುಕೊಂಡದ್ದೂ ಉಂಟು. ಆದರೆ ವಿದ್ಯೆಯು ಮನುಷ್ಯನಿಗೆ ಸ್ವಾತಂತ್ರ್ಯವನ್ನು ಕೊಡಬೇಕು. ಮೊದಲ ಸಂಬಳವೆಲ್ಲ ಸಾಲಕ್ಕೆ ಸಂದರೆ, ಒಗ್ಗದ ಕೆಲಸವನ್ನು ಬಿಡುವುದಕ್ಕಿಲ್ಲ, ಹೊಸದನ್ನು ಕಲಿಯುವುದಕ್ಕಿಲ್ಲ, ಹೆತ್ತವರ ಕಾಯಿಲೆಗೆ ನಾಲ್ಕು ಕಾಸು ಕೂಡಿಡುವುದಕ್ಕಿಲ್ಲ. ಭದ್ರವಾದ ಜೀವನೋಪಾಯವೆಂಬುದು ದೊಡ್ಡ ಸಂಬಳದಿಂದ ಮಾತ್ರ ಬರುವುದಲ್ಲ. ಸಂಬಳದಲ್ಲಿ ಉಳಿಯುವುದರಿಂದ ಬರುವುದು.

ಆದುದರಿಂದ ಗೃಹಸ್ಥನಾದವನು ಮೊದಲನೆಯ ವರ್ಷದ ಶುಲ್ಕವನ್ನಲ್ಲ, ಕಡೆಯ ವರ್ಷದವರೆಗಿನ ಸಮಸ್ತ ವೆಚ್ಚವನ್ನು ಕೂಡಿ ನೋಡಬೇಕು. ಒಟ್ಟು ಸಾಲವು ಮಗುವಿನ ಮೊದಲ ವರ್ಷದ ಸಂಪಾದನೆಯನ್ನು ಮೀರದಿದ್ದರೆ ಕ್ಷೇಮ. ತಿಂಗಳ ಕಂತು ಸಂಬಳದ ಕಾಲುಭಾಗದೊಳಗೆ ಇರಬೇಕು. ಸರ್ಕಾರದ ನೆರವುಗಳನ್ನು ಸೇರುವ ಮುನ್ನವೇ ವಿಚಾರಿಸಬೇಕು. ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷವನ್ನು ಮೀರದ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2009ರಲ್ಲಿ ಆರಂಭವಾಯಿತು. ಆದರೆ ಅದು ಎಲ್ಲ ಕಾಲೇಜುಗಳಿಗೂ ಎಲ್ಲ ವ್ಯಾಸಂಗಗಳಿಗೂ ಅನ್ವಯಿಸುವುದಿಲ್ಲ. ಎಸ್.ಎಸ್.ಎಲ್.ಸಿ. ಆದ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದೆಂಬುದನ್ನು ಎಷ್ಟೋ ಮನೆಗಳವರು ಮರೆಯುತ್ತಾರೆ. ನಡುವೆ ಕೆಲಸಕ್ಕೆ ಸೇರಬೇಕಾಗಿ ಬಂದರೂ ಡಿಪ್ಲೊಮಾ ಕೈಯಲ್ಲಿ ಇದ್ದೇ ಇರುವುದು.

ಎಲ್ಲಕ್ಕಿಂತ ಹಗುರವಾದ ದಾರಿ ಬೇಗ ಆರಂಭಿಸುವುದು. ಮಗು ಹುಟ್ಟಿದ ತಿಂಗಳಿನಿಂದ ಹದಿನೆಂಟು ವರ್ಷ ತಿಂಗಳಿಗೆ 1,000 ರೂಪಾಯಿಯಂತೆ ಕಟ್ಟಿದರೆ ಕಟ್ಟಿದ್ದು 2,16,000; ಶೇಕಡಾ 7ರಂತೆ ಬೆಳೆದರೆ ಕೈಗೆ ಬರುವುದು ಸುಮಾರು 4,30,000. ಹಾವೇರಿಯ ವೆಚ್ಚದ ಬಹುಪಾಲು ಅಷ್ಟರಲ್ಲಿಯೇ ತೀರುತ್ತಿತ್ತು. ಈ ಮನೆಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ. ಆ ಪಶ್ಚಾತ್ತಾಪ ತಂದೆಗೆ ಉಳಿದಿದೆ.

ಓದುತ್ತಿರುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ ಸಾಲವು ಬೆಳೆಯುವುದಿಲ್ಲ. 3 ಲಕ್ಷವು 3 ಲಕ್ಷವಾಗಿಯೇ ನಿಂತು ಮುಂದಿನ ಕಂತು 4,000ದೊಳಗೆ ಇಳಿಯುವುದು. ಇಂಥವರಿಗೆ ಬ್ಯಾಂಕುಗಳು ಬಡ್ಡಿಯ ದರದಲ್ಲಿ ಕೊಂಚ ರಿಯಾಯಿತಿ ಕೊಡುವುದೂ ಉಂಟು. ಇದನ್ನು ಕೇಳಿ ತಿಳಿದ ಅಜ್ಜಯ್ಯನವರು, ಹುಡುಗಿ ಹಾವೇರಿಗೆ ಹೊರಟ ಮರುತಿಂಗಳಿನಿಂದ ತಮ್ಮ ಪಿಂಚಣಿಯಲ್ಲಿ 625 ರೂಪಾಯಿಯನ್ನು ಬೇರೆ ತೆಗೆದಿಟ್ಟು, ಕೋಲೂರಿಕೊಂಡು ತಾವೇ ಬ್ಯಾಂಕಿಗೆ ಹೋಗಿ ಕಟ್ಟತೊಡಗಿದರು. ಎರಡನೆಯ ವರ್ಷದಲ್ಲಿ ಆ ಮೊತ್ತ 1,250 ಆಗುವುದೆಂದು ಬ್ಯಾಂಕಿನವರು ತಿಳಿಸಿದಾಗಲೂ ಹಿಂಜರಿಯಲಿಲ್ಲ. ನಾನು ಹೋಗಿ ಬರುತ್ತೇನೆ, ನೀವೇಕೆ ಆಯಾಸಪಡುವಿರೆಂದು ಮಗ ಕೇಳಿದಾಗ ಅವರು ಹೇಳಿದ್ದು ಇಷ್ಟೆ:

“ಏಳು ಮನೆಯವರು ನನಗೆ ಒಂದೊಂದು ದಿನ ಇಕ್ಕಿದರು. ಅವರಿಗೆ ತಿರುಗಿ ಕೊಡಲು ಆಗಲಿಲ್ಲ. ಇದು ನನ್ನ ವಾರ.”