ನಿಂದು ಊಟಾ ಆತೇನ?

ನಮ್ಮ ಅನಂತಪುರದ ಹಿರಿಯರಿಗೆ ಹೋಟೆಲಿನಲ್ಲಿ ಉಣ್ಣುವುದು ಅಷ್ಟೇನೂ ಮರ್ಯಾದೆಯ ಸಂಗತಿಯಾಗಿರಲಿಲ್ಲ. ಚಾ ಕುಡಿಯಬಹುದು, ಸಂತೆಯ ದಿನ ನಿಂತುಕೊಂಡೇ ಎರಡು ಭಜಿ ಬಾಯಿಗೆ ಹಾಕಬಹುದು. ತಾಟು ಹಚ್ಚಿಸಿಕೊಂಡು ಕೂತು ಉಂಡರೆ ಮಾತ್ರ ಸುದ್ದಿ ಉಂಡವನಿಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. "ಯಾಕ, ಮನ್ಯಾಗ ಒಲಿ ಹತ್ತಲಿಲ್ಲೇನ?" ಎಂದು ಕಟ್ಟೆಯ ಮೇಲಿನವರು ಕೇಳಿದರೆ ತಲೆ ತಗ್ಗಿಸಬೇಕಾದವಳು ಅವನ ಹೆಂಡತಿ. ಹಾಗಾಗಿ ನಮ್ಮ ಗಂಡಸರು ಕುಡಿದದ್ದನ್ನಾದರೂ ಒಪ್ಪಿಕೊಂಡಾರು, ಹೊರಗೆ ಉಂಡದ್ದನ್ನು ಒಪ್ಪಿಕೊಳ್ಳುತ್ತಿರಲಿಲ್ಲ.

ಊರು ಒಪ್ಪಿದ ಕಾರಣ ಒಂದೇ ಇತ್ತು, ಮಿರಜದ ದವಾಖಾನೆ. ಅಥಣಿ ತಾಲೂಕಿನ ಗಡಿಯ ಮಂದಿಗೆ ಬೆಳಗಾವಿ ಕಾಗದಪತ್ರದ ಊರು, ಮಿರಜ ಜಡ್ಡಿನ ಊರು. ಡಾಕ್ಟರ್ ವಾನ್ಲೆಸ್ ಅಲ್ಲಿ 1894ರಲ್ಲಿ ಶುರುಮಾಡಿದ ಮಿಷನ್ ಆಸ್ಪತ್ರೆ ನಮ್ಮ ಎಷ್ಟೋ ಮನೆಗಳ ಹೆರಿಗೆ, ಸಾವುಗಳ ಲೆಕ್ಕ ಇಟ್ಟಿದೆ. ನಮ್ಮ ಆಯಿಯನ್ನು ಮಿರಜದಲ್ಲಿ ಇಟ್ಟಿದ್ದಾಗ ಕಾಕಾನ ಕೈ ಹಿಡಿದು ನಾನೂ ಹೋಗಿದ್ದೆ. ಮಧ್ಯಾಹ್ನ ಸ್ಟೇಷನ್ ಬದಿಯ ಹೋಟೆಲಿನಲ್ಲಿ ಕಾಕಾ ನನಗೆ ಮಿಸಳ ಪಾವು ತರಿಸಿದ. ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಮೂಗಿನಲ್ಲಿ ಇನ್ನೂ ಫಿನಾಯಿಲಿನ ವಾಸನೆ. ಎದುರಿಗೆ ಕೂತ ಕಾಕಾ ಬರೀ ನೀರು ಕುಡಿದ. "ನೀ ತಿನ್ನು, ನಂದು ಆಗೇತಿ" ಅಂದ. ಬೆಳಗಿನಿಂದ ಜೊತೆಯಲ್ಲೇ ಇದ್ದವನದು ಯಾವಾಗ ಆಯಿತೆಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ. ಎರಡನೇ ಪಾವನ್ನೂ ನಾನೇ ತಿಂದೆ.

ಈಗ ನಾನಿರುವುದು ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ. ಹಳ್ಳಿ ಉಳಿದಿರುವುದು ಬಸ್ಸಿನ ಬೋರ್ಡಿನಲ್ಲಿ ಮಾತ್ರ. ಓದಲೆಂದು ಹೊರದೇಶಗಳಿಂದ ಬಂದ ಹುಡುಗರು ಈ ಕಡೆ ಮನೆ ಹಿಡಿದರು. ಅವರ ಹಿಂದೆ ಅವರ ಹಸಿವೂ ಬಂತು. ಸಂಜೆ ಮುಖ್ಯರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಕೊರಿಯಾ, ಥಾಯ್ಲೆಂಡ್, ಅರಬಸ್ತಾನ, ಚೀನಾ ಎಲ್ಲದರ ಒಗ್ಗರಣೆಯೂ ಮೂಗಿಗೆ ಹತ್ತುತ್ತದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಿಂದ ಇಳಿದ ಕಾಕಾ ಚೀಲ ತುಂಬ ಖಡಕ್ ರೊಟ್ಟಿ ತಂದಿದ್ದ. ಬೆಂಗಳೂರಿನಲ್ಲಿ ಊಟ ಸಿಗುತ್ತದೆಂಬ ನಂಬಿಕೆ ಕಾಕುಗೆ ಇನ್ನೂ ಬಂದಿಲ್ಲ. ನಾನೋ, ಅವನಿಗೆ ಇಡೀ ಏಷ್ಯಾ ಉಣಿಸಿಯೇ ಕಳಿಸಬೇಕೆಂಬ ಹುಮ್ಮಸ್ಸಿನಲ್ಲಿದ್ದೆ.

ಕಾಕಾನಿಗೆ ಚೀನಾ ಗೊತ್ತಿರಲಿಲ್ಲ ಅಂತಲ್ಲ. ಗೋಬಿ ಮಂಚೂರಿಯ ಗಾಡಿ ಅಥಣಿಯನ್ನೂ ಮುಟ್ಟಿ ಬಹಳ ದಿನವಾಯಿತು. ಮಂಚೂರಿಯಾದವರು ಕಂಡರಿಯದ ಆ ಪದಾರ್ಥದ ಮೂಲ 1975ರ ಮುಂಬೈ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಅದನ್ನು ಕೋಳಿಯಿಂದ ಶುರುಮಾಡಿದ್ದು ತಾನೇ ಎನ್ನುತ್ತಿದ್ದರು. ಕೋಳಿ ಹೋಗಿ ಹೂಕೋಸು ಬಂದದ್ದು ನಮ್ಮಂಥವರ ಪುಣ್ಯ. 2024ರ ಮಾರ್ಚಿನಲ್ಲಿ ಸರಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದಾಗ ಕಾಕಾ ಫೋನಿನಲ್ಲಿ ನಿಟ್ಟುಸಿರು ಬಿಟ್ಟಿದ್ದ: "ಬಣ್ಣ ಹೋತಂದ್ರ ಅದರಾಗ ಉಳಿಯೂದರ ಏನೋ?"

ಮೊದಲು ಕೊರಿಯಾ. ನಾವು ಇನ್ನೂ ಏನೂ ಹೇಳಿರಲಿಲ್ಲ, ಸೇವೆಯ ಹುಡುಗ ನಾಲ್ಕಾರು ಪುಟ್ಟ ಬಟ್ಟಲುಗಳನ್ನು ತಂದು ಸಾಲಾಗಿ ಇಟ್ಟ. ಬಾನ್‌ಚಾನ್ ಅಂತ ಅದಕ್ಕೆ ಹೆಸರು, ಖಾಲಿಯಾದರೆ ಮತ್ತೆ ತುಂಬುತ್ತಾರೆ, ದುಡ್ಡಿಲ್ಲ ಎಂದೆ. ಕಾಕಾನ ಮುಖ ಅರಳಿತು. "ಕೇಳೂಕಿಂತ ಮೊದಲ ಬಡಿಸ್ಯಾರ. ದೊಡ್ಡ ಮನಸಿನ ಮಂದಿ." ಕಿಮ್ಚಿಯ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಹುಡುಗ ತಡೆದ. ಹಣೆಯ ವಿಭೂತಿ ನೋಡಿದ್ದನೋ ಏನೋ, "ಇದರಲ್ಲಿ ಮೀನು ಉಂಟು" ಎಂದು ಬಟ್ಟಲನ್ನೇ ಎತ್ತಿಕೊಂಡ. ಕಲ್ಲಿನ ಬೋಗುಣಿಯಲ್ಲಿ ಚುರುಗುಡುವ ಬಿಬಿಂಬಾಪನ್ನು ಮೊಟ್ಟೆ ಬಿಟ್ಟು ಮಾಡಿಸಿ ತಂದುಕೊಟ್ಟ. ಕಾಕಾ ಚಮಚ ಎತ್ತಲಿಲ್ಲ. ನಿಂತವನನ್ನು ನೋಡುತ್ತ ಕೇಳಿದ, "ನಿಂದು ಊಟಾ ಆತೇನ?"

ಹುಡುಗನಿಗೆ ತಿಳಿಯಲಿಲ್ಲ. ಕಾಕಾ ಗಡಿನಾಡಿನವ, ಒಂದು ಭಾಷೆ ನಡೆಯದಿದ್ದರೆ ಮೂರನ್ನು ಕಲಸಿ ಕೊಡುತ್ತಾನೆ. "ತೇರಾ ಜೇವಣ ಹುವಾ ಕಾಯ್? ತುಮ್ಹಾರಾ ಗಾಂವ್ ಕುಠಲಾ?" ಹುಡುಗ ನಕ್ಕ. ಮಣಿಪುರ, ಚುರಾಚಾಂದ್‌ಪುರ ಎಂದ. 2023ರ ಮೇ ತಿಂಗಳಿನಿಂದ ಪೇಪರಿನಲ್ಲಿ ಆ ಹೆಸರನ್ನು ಯಾವುದರ ಜೊತೆ ಓದಿದ್ದೇನೆಂಬುದು ನೆನಪಾಗಿ ನಾನು ಬೋಗುಣಿಯತ್ತ ಮುಖ ತಗ್ಗಿಸಿದೆ. ಪೇಪರು ಓದದ ಕಾಕಾ ಮಾತ್ರ, ಎಲ್ಲ ಊರಿನವರನ್ನೂ ಕೇಳುವುದನ್ನೇ ಕೇಳಿದ: "ಮಳಿ ಹೆಂಗೈತಿ ನಿಮ್ಮ ಕಡೆ?" ಆ ಹುಡುಗ ಮಳೆಯ ಬಗ್ಗೆ ಎಷ್ಟು ಹೇಳಿದನೆಂದರೆ ಗಲ್ಲೆಯಲ್ಲಿದ್ದವರು ಅವನನ್ನು ಕರೆಯಬೇಕಾಯಿತು. ಮಳೆಗಾಗಿ ಮುಗಿಲು ನೋಡುತ್ತಲೇ ಮುದುಕನಾದ ನನ್ನ ಕಾಕಾ ಬಾಯಿ ತೆರೆದು ಕೇಳಿದ.

ಥಾಯ್ ಹೋಟೆಲಿನಲ್ಲಿ ಮೀನಿನ ರಸ ಬಿಟ್ಟು ಮಾಡಿಸಿದ ಪರಂಗಿ ಕಾಯಿಯ ಕೋಸಂಬರಿಯ ಮೇಲೆ ಶೇಂಗಾ ಉದುರಿಸಿ ತಂದರು. ನನ್ನೊಳಗಿನ ಮಾಸ್ತರ ಎದ್ದು ಕೂತ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ಮೆಣಸಿನಕಾಯಿಯೂ ಆ ಕಡೆಯದೇ. ಪೋರ್ಚುಗೀಸರ ಹಡಗು ಹತ್ತಿ ಅದು ಗೋವೆಗೂ ಬಂತು, ಪೂರ್ವಕ್ಕೂ ಹೋಯಿತು. ಆದ್ದರಿಂದ ನಮ್ಮ ಬ್ಯಾಡಗಿಗೂ ಇವರ ಖಾರಕ್ಕೂ ಬೀಗತನ ಇದೆ. ಆದರೂ ನಮ್ಮ ಶೇಂಗಾ ಚಟ್ನಿಯ ಮುಂದೆ ಇದು... ಕಾಕಾ ಕೈಯೆತ್ತಿ ನಿಲ್ಲಿಸಿದ.

"ಮಂದಿ ಮನ್ಯಾಗ ಉಣ್ಣಾಕ ಕುಂತಾಗ ನಮ್ಮ ಮನಿ ಅಡಗಿ ಸುದ್ದಿ ತಗೀಬಾರದೋ ತಮ್ಮಾ. ಬಡಿಸಿದವ್ರಿಗಿ ಹೆಂಗ ಅನಸ್ತೈತಿ?"

ಇದು ಮನೆಯಲ್ಲ ಕಾಕಾ, ದುಡ್ಡು ಕೊಡುತ್ತೇವೆ, ಮೇಲಾಗಿ ಅವರಿಗೆ ಕನ್ನಡ ಬರುವುದಿಲ್ಲ ಎಂದೆ. "ಮಾರಿ ನೋಡಿದ್ರ ತಿಳಿತೈತಿ" ಅಂದ. ಅಲ್ಲಿಂದ ಮುಂದೆ ನಾನು ಹೋಲಿಸುವುದನ್ನು ಬಿಟ್ಟೆ. ಊಟದ ರುಚಿ ಹೆಚ್ಚಿತೆಂದು ಹೇಳಲಾರೆ, ಸದ್ದಂತೂ ಕಡಿಮೆಯಾಯಿತು. ಜಪಾನಿನ ವಸಾಬಿಯ ಪ್ರಸಂಗ ಎಲ್ಲರ ಮನೆಯಲ್ಲೂ ನಡೆದಿರುತ್ತದೆ, ಅದನ್ನು ಮತ್ತೆ ಹೇಳುವುದಿಲ್ಲ. ಕಣ್ಣಲ್ಲಿ ನೀರಿದ್ದರೂ ಕಾಕಾ ಬಡಿಸಿದ ನೇಪಾಳದ ಹುಡುಗನಿಗೆ "ಚಲೋ ಐತಿ" ಅಂದದ್ದನ್ನು ಮಾತ್ರ ದಾಖಲಿಸುತ್ತೇನೆ.

ಕೊನೆಗೆ ನಾವು ಹೋದದ್ದು ನೆಹರೂ ರಸ್ತೆಯ ಒಳಓಣಿಯ ಮೊಮೊ ಅಂಗಡಿಗೆ. ಎರಡು ಬೆಂಚು, ಒಂದು ಉಗಿಪಾತ್ರೆ, ಅದರ ಹಿಂದೆ ಟಿಬೆಟಿನ ನಡುವಯಸ್ಸಿನ ಹೆಂಗಸು. ನಾನು ಹಿಂದಿಯಲ್ಲಿ ಶುರುಮಾಡಿದೆ. ಅವಳು ಕಾಕಾನ ಧೋತರ, ಟೋಪಿ ನೋಡಿ ಬೆಂಚು ಒರೆಸಿದಳು.

"ಬರ್ರಿ ಅಜ್ಜಾರ, ಕುಂದರ್ರಿ. ಖಾರ ಭಾಳ ಹಾಕ್ಲ್ಯಾ?"

ಕಾಕಾ ಮೊದಲು ನನ್ನ ಮುಖ ನೋಡಿದ, ಆಮೇಲೆ ಅವಳದು. ಬೆಂಗಳೂರಿಗೆ ಬಂದಾಗಿನಿಂದ ಅವನ ಕಿವಿಗೆ ಆ ಧಾಟಿ ಬಿದ್ದಿರಲಿಲ್ಲ. ನನ್ನದೂ ಎಂದೋ ಸವೆದಿದೆ. ಅವಳು ಹುಟ್ಟಿದ್ದು ಮುಂಡಗೋಡದ ಕ್ಯಾಂಪಿನಲ್ಲಿ. 1966ರಲ್ಲಿ ಅಲ್ಲಿಗೆ ಬಂದ ಟಿಬೆಟಿಗರಲ್ಲಿ ಅವಳ ತಂದೆತಾಯಿಯೂ ಇದ್ದರು. ಗೋವಿನಜೋಳ ಬಿತ್ತುತ್ತಿದ್ದರಂತೆ, ಚಳಿಗಾಲ ಬಂದರೆ ತಾಯಿ ಹುಬ್ಬಳ್ಳಿ, ಬೆಳಗಾವಿಯಲ್ಲಿ ಸ್ವೆಟರ್ ಮಾರುತ್ತಿದ್ದಳಂತೆ. ಬೆಳಗಾವಿ ಎಂದಾಗ ಕಾಕಾ ಸೆಟೆದು ಕೂತ. ಅವನ ನೀಲಿ ಸ್ವೆಟರು ಅಲ್ಲಿಯದೇ, ಟಿಬೆಟಿನವರ ಹತ್ತಿರ ಕೊಂಡದ್ದು. ಅದು ಇವಳ ತಾಯಿಯೇ ಕೊಟ್ಟದ್ದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಸಾಕ್ಷಿ ಕೇಳುವವರು ಯಾರೂ ಇರಲಿಲ್ಲ.

"ಹಿರ್ಯಾರ ಊರು ನೋಡಿಯೇನವಾ?" ಎಂದ ಕಾಕಾ.

"ಎಲ್ಲೀದ್ರಿ ಅಜ್ಜಾರ. ಫೋಟೋದಾಗ ನೋಡೇನಿ."

ಎಲೆಕೋಸಿನ ಮೊಮೊ ಬಂತು. ಕಾಕಾ ಕೇಳಿದ, "ನಿಂದು ಊಟಾ ಆತೇನ ತಂಗಿ?"

"ಆಗೇತ್ರಿ, ಆಗೇತ್ರಿ" ಎಂದು ಅವಳು ಉಗಿಪಾತ್ರೆಯ ಮುಚ್ಚಳ ತೆಗೆದಳು.

ಕಾಕಾ ನನ್ನತ್ತ ಬಾಗಿ ಮೆಲ್ಲಗೆ ಅಂದ: "ಆಗಿಲ್ಲ ಆಕಿದು."

"ನಿನಗ ಹೆಂಗ ಗೊತ್ತು?"

"ಅಷ್ಟ ಲಗೂ ಹೇಳಿದವರದು ಆಗಿರೂದಿಲ್ಲೋ."

ನನಗೆ ಮಾತು ಬರಲಿಲ್ಲ. ನನ್ನ ತಾಟಿನಿಂದ ಎರಡು ಮೊಮೊ ಅವನದಕ್ಕೆ ಹಾಕಿದೆ. ಅವನು ಬೇಡವೆನ್ನಲಿಲ್ಲ.

ಊರಿಗೆ ಹೋದ ಮೇಲೆ ಕಾಕಾ ಬಸ್ಸಿನಲ್ಲಿ ಎರಡು ಡಬ್ಬಿ ಶೇಂಗಾ ಚಟ್ನಿ ಕಳಿಸಿದ, ಕಾಕು ಕುಟ್ಟಿದ್ದು. ಒಂದು ನಮಗೆ, ಇನ್ನೊಂದು ಮುಂಡಗೋಡದಾಕಿಗೆ. ಒಯ್ದರೆ ಅಂಗಡಿಯೇ ಇರಲಿಲ್ಲ; ಕಟ್ಟಡ ಕೆಡವಲು ಹಚ್ಚಿದ್ದರು. ಗೋವೆಗೆ ಹೋದಳು ಎಂದರು ಒಬ್ಬರು, ಬೈಲಕುಪ್ಪೆಗೆ ಎಂದರು ಇನ್ನೊಬ್ಬರು. ರಾತ್ರಿ ಕಾಕಾ ಫೋನು ಮಾಡಿದ.

"ಮುಟ್ಟಿಸಿದಿ? ಏನಂದ್ಲು?"

"ಭಾಳ ಚಲೋ ಆಗೇತಿ ಅಂದ್ಲು."

"ಹಂಗಾರ ಮತ್ತೊಂದ ಡಬ್ಬಿ ಕಳಸ್ತೀನಿ ತಡಿ."

ಅಂದಿನಿಂದ ಡಬ್ಬಿಗಳು ಬರುತ್ತಲೇ ಇವೆ. ಮೈಸೂರು ಕಡೆಯ ನನ್ನ ಹೆಂಡತಿ ನೀರು ಕುಡಿಯುತ್ತ ತಿನ್ನುತ್ತಾಳೆ; ಮುಂದಿನ ಸಲಕ್ಕೆ ಖಾರ ಸ್ವಲ್ಪ ಕಡಿಮೆ ಮಾಡಿರೆಂದು ಮುಂಡಗೋಡದವಳೇ ಹೇಳಿದಳೆನ್ನಿ ಎಂದು ನನಗೆ ದುಂಬಾಲು ಬಿದ್ದಿದ್ದಾಳೆ.