ಮೋಡದ ದಿನದ ಬಾತುಗಳು

2024ರ ಡಿಸೆಂಬರ್ 1, ಭಾನುವಾರ. ಫೆಂಗಲ್ ಚಂಡಮಾರುತ ಹಿಂದಿನ ದಿನವಷ್ಟೇ ಪುದುಚೇರಿಯ ಬಳಿ ದಡ ಹತ್ತಿತ್ತು. ಅದರ ಸೆರಗು ಬೆಂಗಳೂರಿನ ಮೇಲೂ ಕವಿದು, ಜಿಟಿಜಿಟಿ ಮಳೆ ಹಿಡಿದಿತ್ತು. ಆರ್.ಟಿ. ನಗರದ ಮನೆಯೊಂದರಲ್ಲಿ ತಂದೆಗೆ ಒಳಗೊಳಗೇ ಸಂತೋಷ. ಹಕ್ಕಿ ನೋಡಲು ಹೋಗುವುದು ಇವತ್ತಿಗೆ ತಪ್ಪಿತಲ್ಲ! ಒಂಬತ್ತನೇ ತರಗತಿಯ ಮಗಳು ಮಾತ್ರ ಆರೂವರೆಗೇ ಸ್ವೆಟರ್ ತೊಟ್ಟು, ಪ್ರಾಜೆಕ್ಟ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

‘ಈ ಮಳೇಲಿ ಯಾವ ಹಕ್ಕಿ ಬರುತ್ತೆ?’

‘ಬಾತುಗಳಿಗೆ ಮಳೆ ಏನು ಮಾಡುತ್ತೆ ಅಪ್ಪಾ?’

ತಂದೆಯ ಬಳಿ ಉತ್ತರವಿರಲಿಲ್ಲ. ಕೊಡೆ ಹುಡುಕಿದರು.

ಹೆಬ್ಬಾಳ ದಾಟಿ ಜಕ್ಕೂರು ಕೆರೆ ತಲುಪುವಾಗ ಏಳೂವರೆ. ಯಲಹಂಕದ ಕಡೆಯಿಂದ ಬರುವ ನೀರು ಇಲ್ಲಿ ನಿಂತು, ರಾಚೇನಹಳ್ಳಿ ಕೆರೆಗೆ ಇಳಿದು, ಕೆರೆಯಿಂದ ಕೆರೆಗೆ ಸಾಗಿ ಕಡೆಗೆ ದಕ್ಷಿಣ ಪಿನಾಕಿನಿ ನದಿ ಸೇರುತ್ತದೆ. ಏರಿಯ ಮೇಲೆ ವಾಯುವಿಹಾರದವರು ನಾಲ್ಕೇ ಜನ. ಮಗಳು ಅತ್ತ ತಿರುಗದೆ ಕೆರೆಯ ಬಡಗಣ ತುದಿಗೆ ನಡೆದಳು. ಸಂಸ್ಕರಿಸಿದ ಕೊಳಚೆ ನೀರು ಅಲ್ಲಿ ಆಪು, ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆಗೆ ಇಳಿಯುತ್ತದೆ. ಕೆಸರು, ವಾಸನೆ. ತಂದೆ ಮೂಗು ಮುಚ್ಚಿಕೊಂಡರು.

ಆದರೆ ಚಳಿಗಾಲದ ಅತಿಥಿಗಳಿಗೆ ಬೇಕಾದದ್ದು ಇಂಥ ಜಾಗವೇ. ಹೆಜ್ಜಾರ್ಲೆ ಆಳದ ನೀರಲ್ಲೂ ತೇಲಿಕೊಂಡು ಮೀನು ಹಿಡಿದೀತು. ಗೇಣುದ್ದವೂ ಇಲ್ಲದ ಗದ್ದೆಗೊರವ ಎಲ್ಲಿ ಕಾಲೂರಬೇಕು? ಕೆರೆಯ ಅಭಿವೃದ್ಧಿಯೆಂದರೆ ಹೂಳೆತ್ತಿ, ಅಂಚು ಕಡಿದು, ಬಾಣಲೆಯಂತೆ ಮಾಡಿ ಸುತ್ತ ಕಲ್ಲು ಕಟ್ಟುವುದು ಎಂದುಕೊಂಡವರಿಗೆ ಈ ಲೆಕ್ಕ ತಿಳಿಯದು. ಹಾಗೆ ಮಾಡಿದ ಕೆರೆಯಲ್ಲಿ ನೀರಿರುತ್ತದೆ, ದಡವಿರುವುದಿಲ್ಲ.

ಬೆಳಕು ತೀರಾ ಮಂದ. ನಾಮದ ಕೋಳಿಯ ಹಣೆಯ ಬಿಳಿ ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ನೇರಳೆ ಜಂಬುಕೋಳಿ ಕೂಡ ಕಪ್ಪಗೆ ಕಂಡಿತು. ಸೈಬೀರಿಯಾ, ಮಧ್ಯ ಏಷ್ಯಾಗಳಿಂದ ಹಿಮಾಲಯ ದಾಟಿ ಬರುವ ಬಾತುಗಳದ್ದು ಇನ್ನೊಂದು ತೊಡಕು. ಸಂತಾನ ಕಾಲ ಮುಗಿದ ಮೇಲೆ ಗಂಡುಗಳು ಚೆಂದದ ಪುಕ್ಕ ಉದುರಿಸಿ ಹೆಣ್ಣಿನ ಹಾಗೆ ಕಂದಾಗಿಬಿಡುತ್ತವೆ. ಬಿಳಿಹುಬ್ಬಿನ ಬಾತಿನ ಗಂಡಿಗೆ ಆ ಹುಬ್ಬು ಮರಳಿ ಮೂಡುವುದು ಚಳಿಗಾಲ ಅರ್ಧ ಕಳೆದ ಮೇಲೆ. ಪುಸ್ತಕದಲ್ಲಿರುವುದು ಸಿಂಗಾರಗೊಂಡ ಚಿತ್ರ, ನೀರಿನ ಮೇಲಿರುವುದು ಬೇರೆಯೇ!

ಹಾಗಾಗಿ ನಡವಳಿಕೆ ನೋಡಬೇಕು. ಹತ್ತಿರದ ಗುಂಪೊಂದು ಸೌಟಿನಂಥ ಅಗಲ ಕೊಕ್ಕನ್ನು ನೀರಿನ ಮೇಲೆ ಅತ್ತಿತ್ತ ಎಳೆಯುತ್ತ, ಒಂದರ ಹಿಂದೊಂದು ಸುತ್ತು ಹಾಕುತ್ತಿತ್ತು. ಚಲುಕದ ಬಾತು, ಸಂದೇಹವಿಲ್ಲ. ಆ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂತಹ ಎಸಳುಗಳಿದ್ದು, ನೀರು ಸೋರಿ ಸಣ್ಣ ಜೀವಿಗಳು ಉಳಿಯುತ್ತವೆ. ತಂದೆ ದುರ್ಬೀನು ಕಸಿದುಕೊಂಡು ನೋಡಿದರು. ಬಹಳ ಹೊತ್ತು ವಾಪಸು ಕೊಡಲಿಲ್ಲ. ಮೂಗಿನ ಮೇಲಿನ ಕೈ ಯಾವಾಗ ತೆಗೆದರೋ!

ದೂರದಲ್ಲಿ ಇನ್ನೊಂದು ಗುಂಪು ಕೊಕ್ಕನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ ನಿದ್ದೆ ಮಾಡುತ್ತಿತ್ತು. ಮಗಳು ಅರ್ಧ ಗಂಟೆ ಕಾದಳು. ಜೊಂಡಿನ ಮೇಲೆ ಜೌಗು ಸೆಳೆವವೊಂದು ತೇಲಿ ಬಂದದ್ದೇ ತಡ, ಗುಂಪು ಎದ್ದು ಮೋಡದಲ್ಲಿ ಕರಗಿತು. ರೆಕ್ಕೆಯಲ್ಲಿ ಮಾಸಲು ನೀಲಿಯೇನೋ ಮಿಂಚಿತು. ಆದರೆ ಅದು ಎರಡು ಜಾತಿಗೂ ಉಂಟು.

‘ಬಿಳಿಹುಬ್ಬಿನದು ಅಂತ ಬರಿ. ಅದೇ ತಾನೇ ಹೆಚ್ಚು ಬರೋದು?’

‘ನೋಡಲಿಲ್ಲವಲ್ಲ.’

‘ಖಾಲಿ ಬಿಟ್ಟರೆ ಮಾರ್ಕ್ಸ್ ಹೋಗುತ್ತೆ. ಯಾರು ಬಂದು ನೋಡ್ತಾರೆ?’

ಪರೀಕ್ಷೆಯಲ್ಲಿ ಯಾವ ಪ್ರಶ್ನೆಯನ್ನೂ ಬಿಡಬೇಡ ಎಂದು ಹೇಳಿಕೊಟ್ಟವರು ಅವರೇ. ಅವಳು ಕೊಡೆಯಡಿ ಕುಕ್ಕರಗಾಲಲ್ಲಿ ಕೂತು ಬರೆದಳು: ‘ಬಾತು, ಸುಮಾರು ಮೂವತ್ತು. ಗುರುತು ಸಿಗಲಿಲ್ಲ.’ ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ಫೆಬ್ರುವರಿ 2ರ ಭಾನುವಾರ ತಂದೆಯೇ ಅವಳನ್ನು ಎಬ್ಬಿಸಿದರು. ಒಳ್ಳೆಯ ಬಿಸಿಲು. ಅದೇ ಮೂಲೆಯಲ್ಲಿ, ಕಣ್ಣಿನ ಮೇಲಿಂದ ಕತ್ತಿನವರೆಗೆ ಸುಣ್ಣದ ಗೆರೆ ಎಳೆದಂತೆ ಬಿಳಿ ಹುಬ್ಬು. ಮೊದಲು ಕಂಡದ್ದು ತಂದೆಗೆ. ‘ಅವತ್ತಿನವೂ ಇವೇ ಇರಬೇಕು, ತಿದ್ದಿಬಿಡು’ ಎಂದರು. ಮಗಳು ಹೊಸ ಪುಟ ತೆಗೆದು, ತಾರೀಖು ಹಾಕಿ, ಹೊಸದಾಗಿ ಬರೆದಳು. ಡಿಸೆಂಬರಿನ ಪುಟ ಇದ್ದ ಹಾಗೆಯೇ ಇದೆ, ಮಳೆ ಹನಿ ಬಿದ್ದು ಶಾಯಿ ಹರಡಿದ ಕಲೆಯ ಸಮೇತ.