ದೊಡ್ಡಪ್ಪನ ಚುಕ್ಕಾಣಿ

ಚುನಾವಣೆ ಮುಗಿದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಚುಕ್ಕಾಣಿಗೆ ಬರವಿರುವುದಿಲ್ಲ. ಯಾರೋ ರಾಜ್ಯದ ಚುಕ್ಕಾಣಿ ಹಿಡಿಯುತ್ತಾರೆ, ಇನ್ಯಾರೋ ಪಕ್ಷದ ಚುಕ್ಕಾಣಿ ಬಿಟ್ಟುಕೊಡುತ್ತಾರೆ. ನಿಜವಾದ ಚುಕ್ಕಾಣಿಯನ್ನು ಮುಟ್ಟಿ ನೋಡಿದವರು ಬರೆಯುವವರಲ್ಲೂ ಕಡಿಮೆ, ಓದುವವರಲ್ಲೂ ಕಡಿಮೆ. ಪದ ಬಂದದ್ದು ಕಡಲಿನಿಂದ. ಅರಬ್ಬಿಯ ‘ಸುಕ್ಕಾನ್’ ಮರಾಠಿಯಲ್ಲಿ ಸುಕಾಣು ಆಯಿತು, ನಮ್ಮಲ್ಲಿ ಚುಕ್ಕಾಣಿ. ಒಂದು ಕಾಲಕ್ಕೆ ದೂರದೇಶದ ಹಡಗುಗಳ ವ್ಯಾಪಾರ ಕಂಡಿದ್ದ ಬಸ್ರೂರಿಗಿಂತ ಕೆಳಗೆ, ವಾರಾಹಿಯ ದಂಡೆಯಲ್ಲೇ ಬೆಳೆದ ನಾನು ಚುಕ್ಕಾಣಿಯ ಬಗ್ಗೆ ಯೋಚಿಸಿದ್ದು ಮಾತ್ರ ಕಳೆದ ವರ್ಷ, ದೊಡ್ಡಪ್ಪನ ಬಲಗೈ ಸೋತ ಮೇಲೆ.

ದೊಡ್ಡಪ್ಪನದು ಪಾತಿ ದೋಣಿ. ಅದಕ್ಕೆ ಚುಕ್ಕಾಣಿ ಇಲ್ಲ, ಬೇಕಾಗಿಯೂ ಇಲ್ಲ. ಹುಟ್ಟೇ ದೋಣಿಯನ್ನು ಮುಂದೆ ನೂಕುತ್ತದೆ, ಹುಟ್ಟೇ ದಾರಿ ತಿದ್ದುತ್ತದೆ. ಪಾರ್ಶ್ವವಾಯು ಹೊಡೆದು ಬಲಗೈ ಜೋತುಬಿದ್ದಾಗ ಎರಡೂ ಒಟ್ಟಿಗೇ ಹೋದವು. ಆರು ತಿಂಗಳು ಅವರು ಜಗಲಿಯಲ್ಲಿ ಕುಳಿತು ನೀರು ನೋಡಿದರು. ಬಲಗಾಲು ಅಷ್ಟಿಷ್ಟು ಚೇತರಿಸಿಕೊಂಡಿತು, ಕೈ ಮಾತ್ರ ಇಲ್ಲ. ಮಾತು ಕಡಿಮೆಯಾಗುತ್ತ ಹೋದದ್ದನ್ನು ದೊಡ್ಡಮ್ಮ ಕಾಯಿಲೆಯ ಲೆಕ್ಕಕ್ಕೆ ಹಾಕಿದರು. ನನಗೆ ಹಾಗನ್ನಿಸಲಿಲ್ಲ.

ನೂಕುವ ಬಲವನ್ನು ದುಡ್ಡು ಕೊಟ್ಟು ತರಬಹುದು. ಹತ್ತಡಿಯ ಪ್ಲಾಸ್ಟಿಕ್ ಕಯಾಕ್ ಒಂದು ಹಳೆಯದೇ ಸಿಕ್ಕಿತು. ಅಗಲ ಹೆಚ್ಚು, ಮಗುಚುವ ಭಯ ಕಡಿಮೆ. 12 ವೋಲ್ಟಿನ ಸಣ್ಣ ವಿದ್ಯುತ್ ಮೋಟರನ್ನೂ ತಂದೆ. ಆದರೆ ಅಂಥ ಮೋಟರಿನ ಹಿಡಿ ಎರಡೂ ಕೈ ಚೆನ್ನಾಗಿರುವವರಿಗಾಗಿ ಮಾಡಿದ್ದು. ಹಿಂಬದಿಗೆ ಕಟ್ಟಿದರೆ ಬೆನ್ನು ತಿರುಚಿ ಹಿಡಿಯಬೇಕು. ಎಡಗೈಗೆ ಎಟಕುವಂತೆ ಆಸನದ ಪಕ್ಕ ಕಟ್ಟಿದರೆ ಮೋಟರು ದೋಣಿಯ ನಡುಭಾಗಕ್ಕೆ ಬರುತ್ತದೆ. ಅಲ್ಲಿ ಅದನ್ನು ಎಷ್ಟು ತಿರುಗಿಸಿದರೂ ದೋಣಿ ಓರೆಯಾಗಿ ಜರುಗುತ್ತದೆಯೇ ಹೊರತು ಮೂತಿ ತಿರುಗುವುದಿಲ್ಲ. ಹಾಗಾಗಿ ಮೋಟರನ್ನು ಎಡಕ್ಕೆ, ನೇರವಾಗಿ ಬಿಗಿದೆ. ದಾರಿ ತಿದ್ದುವ ಕೆಲಸ ಹಿಂತುದಿಗೆ ಹೋಯಿತು. ಕೈ ಉಳಿದಿರಲಿಲ್ಲವಾದ್ದರಿಂದ ಆ ಕೆಲಸ ಕಾಲಿಗೆ ಬಿತ್ತು, ಅದೂ ಎಡಗಾಲು ಒಂದಕ್ಕೇ.

ಮಾರುವ ಚುಕ್ಕಾಣಿಗಳಿಗೆ ಸಾಮಾನ್ಯವಾಗಿ ಎರಡು ಕಾಲಿಗೂ ಒಂದೊಂದು ಪೆಡಲು. ಒಂದೇ ಕಾಲಿನ ಉಪಾಯ ಹೊಳೆದದ್ದು ದೊಡ್ಡಮ್ಮನ ಹೊಲಿಗೆ ಯಂತ್ರದಿಂದ. ಅದರ ಪೆಡಲನ್ನು ನೋಡಿ: ಬೆರಳ ತುದಿ ಒತ್ತಿದರೆ ಒಂದು ಕಡೆ, ಹಿಮ್ಮಡಿ ಒತ್ತಿದರೆ ಇನ್ನೊಂದು ಕಡೆ. ಹಲಸಿನ ಹಲಗೆಯಲ್ಲಿ ಅಂಥದೇ ಒಂದನ್ನು ಕುಯ್ದು, ನಡುವೆ ಕೀಲು ಕೊಟ್ಟು, ಕಾಲು ಚಾಚುವ ಜಾಗದಲ್ಲಿ ನಿಲ್ಲಿಸಿದೆ. ಮೇಲ್ತುದಿಯಿಂದ ಒಂದು ನೈಲಾನ್ ಹುರಿ, ಕೆಳತುದಿಯಿಂದ ಇನ್ನೊಂದು. ಎರಡೂ ಪ್ಲಾಸ್ಟಿಕ್ ಕೊಳವೆಯೊಳಗೆ ಹಾದು ಚುಕ್ಕಾಣಿಯ ನೆತ್ತಿಯ ಅಡ್ಡಪಟ್ಟಿಯ ಎರಡು ತುದಿಗಳಿಗೆ ಸೇರುತ್ತವೆ. ಬೆರಳು ಒತ್ತಿದರೆ ಎಡಕ್ಕೆ, ಹಿಮ್ಮಡಿ ಒತ್ತಿದರೆ ಬಲಕ್ಕೆ. ಹಿಡಿ ಇರುವ ಹಳೆಯ ಚುಕ್ಕಾಣಿಯಲ್ಲಿ ಎಡಕ್ಕೆ ಹೋಗಲು ಹಿಡಿಯನ್ನು ಬಲಕ್ಕೆ ತಳ್ಳಬೇಕು. ಕಾಲಿಗೆ ಆ ಹಳೆಯ ಪಾಠ ಇಲ್ಲದ್ದು ಒಳ್ಳೆಯದೇ ಆಯಿತು.

ಅಲಗು 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಗುಜರಿಯಲ್ಲಿ ಸಿಕ್ಕಿದ್ದು. ಮುಂದಿನ ಅಂಚನ್ನು ಅರದಿಂದ ಉಜ್ಜಿ ಗುಂಡಗೆ, ಹಿಂದಿನದನ್ನು ತೆಳ್ಳಗೆ ಮಾಡಿದೆ. ತಿರುಗುವ ಕೀಲು ಅಲಗಿನ ತೀರಾ ಅಂಚಿನಲ್ಲಿದ್ದರೆ ಕಾಲಿಗೆ ಭಾರ. ಐದರಲ್ಲೊಂದು ಪಾಲು ಕೀಲಿಗಿಂತ ಮುಂದಿದ್ದರೆ ನೀರೇ ಅರ್ಧ ಕೆಲಸ ಮಾಡಿಕೊಡುತ್ತದೆ. ಸ್ಟೀಲ್ ಬೋಲ್ಟು ಉಪ್ಪುನೀರಿನಲ್ಲಿ ಅಲ್ಯೂಮಿನಿಯಮನ್ನು ಮೆಲ್ಲಗೆ ತಿನ್ನುವುದರಿಂದ ಇವೆರಡರ ನಡುವೆ ನೈಲಾನ್ ವಾಷರು. ದಿಬ್ಬಕ್ಕೆ ತಾಗಿದರೆ ಅಲಗು ಮುರಿಯದೆ ಹಿಂದಕ್ಕೆ ಮಡಚಿಕೊಳ್ಳುವಷ್ಟೇ ಬಿಗಿ. ಸುಮಾರು 35 ಡಿಗ್ರಿಗಿಂತ ಹೆಚ್ಚು ತಿರುಗದಂತೆ ಎರಡೂ ಕಡೆ ತಡೆ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಚುಕ್ಕಾಣಿ ತಿರುಗಿಸುವುದನ್ನು ಬಿಟ್ಟು ಬ್ರೇಕಿನ ಕೆಲಸಕ್ಕೆ ಇಳಿಯುತ್ತದೆ.

ಮೊದಲ ದಿನ ನಾನು ಪಾತಿಯಲ್ಲಿ ಜೊತೆಗೆ ಹೋದೆ. ಮೋಟರು ಎಡಗಡೆ ಇರುವುದರಿಂದ ಮೂತಿ ಸದಾ ಬಲಕ್ಕೆ ಎಳೆಯುತ್ತದೆ, ನೇರ ಹೋಗಬೇಕಾದರೂ ಬೆರಳನ್ನು ತುಸು ಒತ್ತಿಯೇ ಇರಬೇಕು. ಹೇಳಬೇಕೆಂದುಕೊಂಡೆ. ಹೇಳುವ ಮೊದಲೇ ಅವರ ಕಾಲಿಗೆ ಗೊತ್ತಾಗಿತ್ತು. ಕಾಂಡ್ಲಾ ಗಿಡಗಳ ಅಂಚು ಹಿಡಿದು ಒಂದು ಸುತ್ತು ಬಂದು, ಮೋಟರು ಆರಿಸಿ, ಹರಿವಿಗೆ ಬಿಟ್ಟು ಪೆಡಲು ಒತ್ತಿದರು. ಮೂತಿ ಅಲುಗಲಿಲ್ಲ.

“ಕಂಡ್ಯಾ ಮಗಾ?” ಎಂದರು.

ಕಂಡೆ. ಚುಕ್ಕಾಣಿಗೆ ತನ್ನದೇ ಬಲವಿಲ್ಲ. ಅಲಗನ್ನು ದಾಟಿ ನೀರು ಓಡಬೇಕು. ನೀರಿನ ಜೊತೆಗೇ ಅದೇ ವೇಗದಲ್ಲಿ ತೇಲುವ ದೋಣಿಯಲ್ಲಿ ಅದು ಬರೀ ತಗಡು. ನಡುಹೊಳೆಯಲ್ಲಿ ಬ್ಯಾಟರಿ ಮುಗಿದರೆ ಒಂದು ಕೈಯ ಮನುಷ್ಯ ನೀರು ಹೋದಲ್ಲಿಗೆ ಹೋಗುತ್ತಾನೆ. ಇಳಿತದ ಹೊತ್ತಿನಲ್ಲಿ ನೀರು ಹೋಗುವುದು ಗಂಗೊಳ್ಳಿಯ ಅಳಿವೆಗೆ, ಅಲ್ಲಿಂದ ಕಡಲಿಗೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು. ದೊಡ್ಡಮ್ಮ ಒಬ್ಬರನ್ನೇ ಕಳಿಸಲು ಸುತಾರಾಂ ಒಪ್ಪಲಿಲ್ಲ. ಜೀವರಕ್ಷಕ ಅಂಗಿ, ಲಂಗರು, ಗಿಡ್ಡ ಹುಟ್ಟು, ಚೀಲದಲ್ಲಿ ಫೋನು ಎಂದು ನಾನು ಪಟ್ಟಿ ಹೇಳುತ್ತಿದ್ದೆ. ನನ್ನೊಳಗೂ ಧೈರ್ಯವಿರಲಿಲ್ಲ. ಜೊತೆಗೊಬ್ಬರು ಇರಲೇಬೇಕು ಎಂದಾದರೆ ಅದು ಜಗಲಿಯನ್ನೇ ನೀರಿಗಿಳಿಸಿದ ಹಾಗೆ, ಅದೂ ಗೊತ್ತಿತ್ತು.

ದೊಡ್ಡಪ್ಪ ಕೈ ತೊಳೆದು ಬಂದು ಹೇಳಿದರು: “ಉಬ್ಬರ ಶುರುವಾದ ಮೇಲೆ ಹೋಗ್ತೆ. ನಿಲ್ಲೂದ್ರೊಳಗೆ ಬತ್ತೆ.”

ಅಷ್ಟೇ. ಉಬ್ಬರದಲ್ಲಿ ಮೋಟರು ನಿಂತರೆ ನೀರು ಅವರನ್ನು ಒಯ್ಯುವುದು ಮೇಲಕ್ಕೆ, ಬಸ್ರೂರಿನ ಕಡೆಗೆ. ಅಲ್ಲಿ ದಂಡೆಯುದ್ದಕ್ಕೂ ಪರಿಚಯದ ಮನೆಗಳಿವೆ. ಅರವತ್ತು ವರ್ಷದಿಂದ ಆ ಹೊಳೆಯಲ್ಲಿದ್ದವರಿಗೆ ಇದು ಲೆಕ್ಕವೂ ಅಲ್ಲ. ತಗಡು ಉಜ್ಜುತ್ತ ಕಳೆದ ಎರಡು ವಾರದಲ್ಲಿ ನನಗೆ ಮಾತ್ರ ಅದು ಹೊಳೆದಿರಲಿಲ್ಲ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ದೊಡ್ಡಮ್ಮ ಈಗ ಅದನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾರೆ. ಹೊತ್ತು ಮೀರಿದರೆ ಫೋನು ನನಗೆ ಬರುತ್ತದೆ. ಇದುವರೆಗೆ ಎರಡು ಸಲ ಬಂದಿದೆ, ಎರಡೂ ಸಲ ಅವರು ಯಾರದೋ ಮನೆಯ ದಂಡೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಮಳೆ ಹಿಡಿದು ಹೊಳೆ ತುಂಬಿದರೆ ಮೇಲಿಂದ ಬರುವ ನೀರಿನ ಎದುರು ಉಬ್ಬರ ನಿಲ್ಲುವುದಿಲ್ಲ. ಜೂನ್ ತಿಂಗಳ ಹಾಳೆಯಲ್ಲಿ ಹಾಲಿನ ಲೆಕ್ಕ ಮಾತ್ರ ಇದೆ.